ದೋಣಿಯ ಬಾಡಿಗೆಯೂ ಅಂಬಿಗನ ಮಾತೂ

ಬಾಡಿಗೆಯೆಂಬ ವ್ಯವಹಾರವು ಬಹಳ ಹಳೆಯದು. ನೋಡುವದಕ್ಕೆ ಬಹಳ ಸರಳವಾದದ್ದು. ಒಬ್ಬನಲ್ಲಿ ವಸ್ತುವಿರುತ್ತದೆ, ಇನ್ನೊಬ್ಬನಲ್ಲಿ ಹಣವಿರುತ್ತದೆ. ಕೆಲವು ಹೊತ್ತಿನ ಮಟ್ಟಿಗೆ ಆ ವಸ್ತುವು ಹಣವುಳ್ಳವನ ಉಪಯೋಗಕ್ಕೆ ಬರುತ್ತದೆ. ಹೊತ್ತು ತೀರಿದ ಬಳಿಕ ತನ್ನ ಒಡೆಯನನ್ನು ಸೇರುತ್ತದೆ. ಮದುವೆಗೆ ಹಂಡೆ-ಕೊಪ್ಪರಿಗೆಗಳನ್ನೂ ಸುಗ್ಗಿಗೆ ಚಕ್ಕಡಿಯನ್ನೂ ಬಾಡಿಗೆಗೆ ತಂದು ರೂಢಿಯಿರುವ ಮನೆಗಳಿಗೆ ಇದರಲ್ಲಿ ವಿಚಾರ ಮಾಡತಕ್ಕಂಥ ತೊಡಕೇನೂ ಕಾಣುವದಿಲ್ಲ. ಕೊಡುವದನ್ನು ಕೊಟ್ಟು, ತಂದದ್ದನ್ನು ಕೆಡಿಸದೆ ಮುಟ್ಟಿಸಿದರೆ ಋಣವು ಹರಿಯಿತು. ಆದರೆ ಬಾಡಿಗೆಗೆ ಹಿಡಿದ ವಸ್ತುವು ದೋಣಿಯಾದರೆ, ಅದನ್ನು ನಡೆಯಿಸುವವನು ಇನ್ನೊಬ್ಬ ಮನುಷ್ಯನಾದರೆ, ಅದು ಸಾಗುವ ದಾರಿಯು ಕಡಲಾದರೆ, ಈ ಸರಳವಾದ ಲೆಕ್ಕವು ಒಮ್ಮೆಲೇ ತೊಡಕಾಗುತ್ತದೆ. ಹಣ ಕೊಟ್ಟವನು ಆಗ ಕೊಂಡದ್ದೇನು? ಯಾವದು ಅವನ ಅಧಿಕಾರಕ್ಕೆ ಒಳಪಟ್ಟಿತು, ಯಾವದು ಒಳಪಡಲಿಲ್ಲ? ಈ ಪ್ರಶ್ನೆಗೆ ತಪ್ಪು ಉತ್ತರವು ದೊರೆತಲ್ಲಿ ಹೋಗುವದು ಹಣವಲ್ಲ, ಜೀವ. ಆದ ಕಾರಣ ಇದು ವಿಹಾರದ ಮಾತಾಗಿ ತೋರಿದರೂ ನೀತಿಯ ಮಾತೇ ಆಗಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನಕ್ಕೆ ನೀರು ಹೊಸದಲ್ಲ. ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ, ಪಡುವಣ ಕಡಲು ಅಷ್ಟು ಸಮೀಪದಲ್ಲಿದ್ದರೂ ಅದಕ್ಕೆ ಬೆನ್ನು ಮಾಡಿ ಮೂಡಣಕ್ಕೆ ಹರಿಯುತ್ತದೆ. ಗೋಕಾಕದ ಬಳಿಯಲ್ಲಿ ಸುಮಾರು ೫೨ ಮೀಟರು ಕೆಳಗೆ ಧುಮುಕಿ, ಕೃಷ್ಣೆಯನ್ನು ಕೂಡಿ, ಕೊನೆಗೆ ಬಂಗಾಲದ ಕೊಲ್ಲಿಯನ್ನು ಸೇರುತ್ತದೆ. ಧುಪದಾಳದ ಒಡ್ಡಿನ ಹಿಂದೆ ನಿಂತ ನೀರಿನಲ್ಲಿಯೂ ನಡುಗಡ್ಡೆಗಳುಂಟು. ಚಳಿಗಾಲಕ್ಕೆ ದೂರದೇಶದ ಕೊಕ್ಕರೆಗಳು ಅಲ್ಲಿ ಬಂದಿಳಿಯುತ್ತವೆ. ೧೯೭೪ರಿಂದ ಆ ಪ್ರದೇಶವು ಪಕ್ಷಿಧಾಮವಾಗಿದೆ. ನದಿಯ ಸೌಮ್ಯತೆಯನ್ನೂ ಅದರ ಮುನಿಸನ್ನೂ ಈ ಜನರು ತಲೆತಲಾಂತರದಿಂದ ಕಂಡಿದ್ದಾರೆ. ಆದರೆ ನದಿಯನ್ನು ಬಲ್ಲವನು ಕಡಲನ್ನು ಬಲ್ಲನೆಂಬ ಮಾತಿಲ್ಲ. ನದಿಗೆ ಎರಡು ದಂಡೆ. ಒಂದೇ ಕಡೆಗೆ ಹರಿವು. ಕಡಲಿಗೆ ಒಂದೇ ದಂಡೆ; ಹರಿವಾದರೋ ಹೊತ್ತಿಗೊಂದು ಬಗೆ. ಹೀಗಿದ್ದರೂ ಮಕ್ಕಳ ಶಾಲೆಗೆ ಸೂಟಿಯಾದ ಕೂಡಲೇ ನದಿಯು ತಿರುಗಿಸಿದ ಬೆನ್ನನ್ನು ಮನೆಗಳವರು ಮುಖವಾಗಿಸಿಕೊಂಡು ಪಡುವಣಕ್ಕೆ ಹೊರಡುತ್ತಾರೆ. ಘಟಪ್ರಭಾ ಸ್ಟೇಶನ್ನಿನ ರೈಲುದಾರಿಯು ಬೆಳಗಾವಿಯ ಮೇಲಿಂದ ಲೋಂಡೆಗೆ ಮುಟ್ಟುತ್ತದೆ. ಅಲ್ಲಿಂದ ಕ್ಯಾಸಲರಾಕಿನ ಘಟ್ಟವನ್ನಿಳಿದರೆ ಗೋವೆಯ ಕಡಲು. ರಸ್ತೆ ಹಿಡಿದವರಿಗೆ ಕಾರವಾರವೂ ಮಲ್ಪೆಯೂ ದೂರವಲ್ಲ.

ಅಲ್ಲಿಗೆ ಹೋದವರನ್ನು ದಂಡೆಗಿಂತ ಹೆಚ್ಚಾಗಿ ಎಳೆಯುವವು ಕಡಲೊಳಗಿನ ದ್ವೀಪಗಳು. ಕಾರವಾರದಲ್ಲಿ ಕಾಳೀನದಿಯ ಅಳಿವೆಯ ಎದುರಿಗೆ ಕೂರ್ಮಗಡವಿದೆ; ಅದರ ಮೇಲೆ ನರಸಿಂಹನ ಗುಡಿಯುಂಟು. ಅಲ್ಲಿಂದ ಆಚೆಗೆ ದೀಪಸ್ತಂಭವುಳ್ಳ ದೇವಗಡ. ಮಲ್ಪೆಯ ಬಂದರದಿಂದ ಸುಮಾರು ೬ ಕಿಲೋಮೀಟರು ದೂರದಲ್ಲಿ ಸೇಂಟ್ ಮೇರಿ ದ್ವೀಪಗಳಿವೆ. ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ಭರತಖಂಡದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ನೆಲದೊಳಗಿಂದ ಉಕ್ಕಿದ ದ್ರವಶಿಲೆಯು ತಣಿದು ಬಿರಿದು ಕಂಬಗಳಾಗಿ ನಿಂತದ್ದನ್ನು ಅಲ್ಲಿ ಕಾಣಬಹುದು. ಭೂಗರ್ಭ ಇಲಾಖೆಯವರು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದ್ದಾರೆ. ಇಂಥವನ್ನು ಕಣ್ಣಾರೆ ಕಾಣಬೇಕು, ಜನರಿಲ್ಲದ ಮಳಲಿನ ಮೇಲೆ ಮಕ್ಕಳೊಡನೆ ಒಂದು ಗಳಿಗೆ ಕೂಡ್ರಬೇಕು ಎಂಬ ಬಯಕೆಯು ನಿಂದ್ಯವಾದದ್ದಲ್ಲ. ವರ್ಷವೆಲ್ಲ ಕಚೇರಿ, ಅಂಗಡಿ, ಹೊಲಗಳಲ್ಲಿ ದುಡಿದವನು ಎರಡು ದಿನ ತೆರಪಾದ ಆಕಾಶವನ್ನು ಬಯಸಿದರೆ ಅದನ್ನು ಭೋಗವೆಂದು ಜರೆಯುವದು ವಿವೇಕವಲ್ಲ. ೧೮೮೩ರಲ್ಲಿ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಇದ್ದಾಗ, ಚಿಕ್ಕ ದೋಣಿಯೊಂದರಲ್ಲಿ ಕಾಳೀನದಿಯ ಮೇಲಕ್ಕೆ ಹೋಗಿ ಬೆಳದಿಂಗಳಿನಲ್ಲಿ ಹಿಂದಿರುಗಿದ ಸಂಗತಿಯನ್ನು ತಮ್ಮ ಜೀವನಸ್ಮೃತಿಯಲ್ಲಿ ಬರೆದಿದ್ದಾರೆ. ಅಳಿವೆಯನ್ನು ಮುಟ್ಟುವಷ್ಟರಲ್ಲಿ ರಾತ್ರಿ ಬಹಳವಾಗಿತ್ತು; ಆಗ ಅವರು ಕಡಲಿನ ಮೇಲಿಂದ ಮನೆಗೆ ಹೋಗುವದನ್ನು ಬಿಟ್ಟು, ದೋಣಿಯಿಂದಿಳಿದು ಮಳಲ ಮೇಲೆ ನಡೆದೇ ಹೋದರು. ಆ ನಡಿಗೆಯ ಸೊಗಸನ್ನು ಅವರು ಮರೆಯಲಿಲ್ಲ. ದೋಣಿಯಿಂದ ಇಳಿಯುವದೂ ವಿಹಾರದ ಒಂದು ಭಾಗವೆಂಬದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ.

ಹಾಗಾದರೆ ದೋಣಿಯ ಬಾಡಿಗೆಯಿಂದ ದೊರೆಯುವದೇನು? ಮೊದಲು ಕಾಯದೆಯು ಏನನ್ನುತ್ತದೆಂಬದನ್ನು ನೋಡಬಹುದು. ೧೮೭೨ರ ಕರಾರಿನ ಕಾಯದೆಯು ಇಂದಿಗೂ ನಡೆಯುತ್ತಲಿದೆ. ಅದರ ೧೫೦ನೆಯ ಕಲಮಿನಂತೆ, ಬಾಡಿಗೆಗೆ ಕೊಟ್ಟ ವಸ್ತುವಿನಲ್ಲಿ ದೋಷವಿದ್ದು ಅದರಿಂದ ಹಾನಿಯಾದರೆ, ಆ ದೋಷವು ಒಡೆಯನಿಗೆ ತಿಳಿದಿರಲಿ ತಿಳಿಯದಿರಲಿ, ಹೊಣೆಯು ಅವನದೇ. ಪುಕ್ಕಟೆಯಾಗಿ ಕೊಟ್ಟವನ ಹೊಣೆಯು ಇಷ್ಟು ಕಠಿಣವಲ್ಲ. ಅವನು ತನಗೆ ತಿಳಿದ ದೋಷವನ್ನು ಹೇಳಿದರೆ ಸಾಕು. ಹಣ ತಕ್ಕೊಂಡ ಕೂಡಲೇ ತಿಳಿಯಲಿಲ್ಲವೆಂಬ ನೆವವು ಉಳಿಯುವದಿಲ್ಲ. ೧೫೧ನೆಯ ಕಲಮು ಪಡೆದವನ ಕಡೆಗೆ ತಿರುಗುತ್ತದೆ: ಅವನು ಆ ವಸ್ತುವನ್ನು ತನ್ನ ಸ್ವಂತದ ವಸ್ತುವನ್ನು ವಿವೇಕಿಯು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ನೋಡಿಕೊಳ್ಳತಕ್ಕದ್ದು. ಕಾಯದೆಯ ದೃಷ್ಟಿಯಲ್ಲಿಯೂ ಬಾಡಿಗೆಯೆಂಬದು ಕೊಳ್ಳುವದಲ್ಲ, ನಂಬುಗೆಯಿಂದ ಒಪ್ಪಿಸುವದು ಎಂಬಷ್ಟು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಈ ಕಲಮುಗಳು ಹೇಳುವದು ವಸ್ತುವಿನ ಮಾತು. ಕರಾವಳಿಯಲ್ಲಿ ಬಾಡಿಗೆಗೆ ದೊರೆಯುವದು ಬರಿಯ ದೋಣಿಯಲ್ಲ, ಅಂಬಿಗನಿಂದ ಕೂಡಿದ ದೋಣಿ. ಅಂಬಿಗನ ತೋಳಿಗೆ ಬೆಲೆ ಕಟ್ಟಬಹುದು; ಅವನು ಉರಿಸುವ ಎಣ್ಣೆಗೆ ಕಟ್ಟಬಹುದು; ಅವನು ಕಳೆಯುವ ಹೊತ್ತಿಗೂ ಕಟ್ಟಬಹುದು. ಇಂದು ಹೋಗಬಹುದು, ಇಂದು ಹೋಗಬಾರದು ಎಂಬ ಅವನ ನಿರ್ಣಯಕ್ಕೂ ಬೆಲೆ ಕಟ್ಟಬಹುದೇ? ಮುಖ್ಯವಾದ ಪ್ರಶ್ನೆಯು ಇದೇ.

ಗ್ರೀಸಿನ ಪ್ಲೇಟೋ ಎಂಬ ತತ್ವಜ್ಞನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಬರೆದ ಗೊರ್ಗಿಯಾಸ್ ಎಂಬ ಸಂವಾದದಲ್ಲಿ ದೋಣಿಯ ಬಾಡಿಗೆಯ ಮಾತು ಬರುತ್ತದೆ. ಮಾತಿನ ಕೌಶಲದಿಂದ ಜನರ ಪ್ರಾಣ ಉಳಿಸುತ್ತೇವೆಂದು ಜಂಬ ಕೊಚ್ಚುವವರಿಗೆ ಸಾಕ್ರೆಟೀಸನು ಚುಕ್ಕಾಣಿಗಾರನನ್ನು ತೋರಿಸುತ್ತಾನೆ. ಒಬ್ಬ ಮನುಷ್ಯನನ್ನೂ ಅವನ ಹೆಂಡಿರು-ಮಕ್ಕಳನ್ನೂ ಸಾಮಾನು-ಸರಂಜಾಮನ್ನೂ ಈಜೈನಾ ದ್ವೀಪದಿಂದ ಸುರಕ್ಷಿತವಾಗಿ ತಂದಿಳಿಸಿದ್ದಕ್ಕೆ ಆ ಚುಕ್ಕಾಣಿಗಾರನು ಕೇಳುವದು ಎರಡು ಓಬಲು. ಬಹುದೂರದ ಈಜಿಪ್ತದಿಂದ ತಂದರೆ ಬಹಳವಾದರೆ ಎರಡು ದ್ರಾಕ್ಮೆ. ತಕ್ಕೊಂಡು, ತನ್ನ ನಾವೆಯ ಬದಿಯಲ್ಲಿ ಯಾವ ಬಿಂಕವೂ ಇಲ್ಲದೆ ಅಡ್ಡಾಡುತ್ತಾನೆ. ಸಾಕ್ರೆಟೀಸನ ತಾತ್ಪರ್ಯವು ಬೇರೊಂದಾಗಿದ್ದರೂ ಅವನ ಮಾತಿನಿಂದ ಇಲ್ಲಿಗೆ ಬೇಕಾದ ಒಂದು ಸತ್ಯವು ಹೊರಬೀಳುತ್ತದೆ. ಬಾಡಿಗೆಯು ಚಿಕ್ಕದು, ದಾಟಿಸಿದ್ದು ಪ್ರಾಣ. ಇವೆರಡಕ್ಕೂ ಸಮತೂಕವೇ ಇಲ್ಲ. ಆದುದರಿಂದ ಆ ಎರಡು ಓಬಲುಗಳು ಪ್ರಾಣದ ಬೆಲೆಯಲ್ಲ, ಬರಿಯ ದುಡಿಮೆಯ ಕೂಲಿ. ಪ್ರಾಣವು ಅಂಬಿಗನ ಕೈಗೆ ಬರುವದು ಬಾಡಿಗೆಯ ಮೂಲಕವಾಗಿಯಲ್ಲ, ನಂಬುಗೆಯ ಮೂಲಕವಾಗಿ. ನಂಬುಗೆಯಿಂದ ಬಂದದ್ದರ ಮೇಲೆ ಬಾಡಿಗೆ ಕೊಟ್ಟವನು ಅಪ್ಪಣೆ ನಡೆಯಿಸುವದು ಹೇಗೆ?

ಈ ದೇಶದ ಕಥೆಗಳಿಗೂ ಈ ವಿಚಾರವು ಅಪರಿಚಿತವಲ್ಲ. ತುಳಸೀದಾಸರ ರಾಮಾಯಣದಲ್ಲಿ ಗಂಗೆಯನ್ನು ದಾಟಿಸಬೇಕಾದ ಅಂಬಿಗನು, ದೋಣಿಯನ್ನು ತಾ ಎಂದು ಶ್ರೀರಾಮನೇ ಕೇಳಿದರೂ ಒಮ್ಮೆಲೇ ತರುವದಿಲ್ಲ. ಪಾದದ ಧೂಳಿನಿಂದ ಕಲ್ಲೇ ಹೆಣ್ಣಾಯಿತಂತೆ. ಮರದ ದೋಣಿಗೂ ಹಾಗಾದರೆ ತನ್ನ ಹೊಟ್ಟೆಯ ಗತಿಯೇನು? ಕಾಲು ತೊಳೆದುಕೊಂಡೇ ಹತ್ತಬೇಕು ಎಂದು ಅವನ ಹಟ. ಅದು ಭಕ್ತಿಯ ಹಟವೆಂಬದು ನಿಜ. ಆದರೂ ದೋಣಿಯನ್ನು ಹತ್ತುವವನು ದೇವರೇ ಆಗಿರಲಿ, ಹತ್ತುವ ನಿಯಮವನ್ನು ಹೇಳತಕ್ಕವನು ಅಂಬಿಗನೆಂಬ ಲೋಕರೂಢಿಯು ಅದರೊಳಗೆ ಅಡಗಿದೆ; ರಾಮನೂ ಆ ನಿಯಮಕ್ಕೆ ನಗುತ್ತ ಒಪ್ಪಿದನು. ದಾಟಿದ ಬಳಿಕ ಕೊಡಹೋದ ಉಂಗುರವನ್ನು ಅಂಬಿಗನು ಮುಟ್ಟಲಿಲ್ಲ. ಕನ್ನಡನಾಡಿನಲ್ಲಿಯಾದರೋ ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನು ಪ್ರಸಿದ್ಧನು. ಹಾವೇರಿ ಜಿಲ್ಲೆಯ ರಾಣೆಬೆನ್ನೂರ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಚೌಡದಾನಪುರವು ಅವನ ಊರೆಂದು ಹೇಳುತ್ತಾರೆ. ಶರಣರೊಳಗೆ ಅವನ ಮಾತಿನಷ್ಟು ನಿಷ್ಠುರವಾದ ಮಾತು ವಿರಳ. ದೊಡ್ಡವರೆಂದು ಅವನು ಯಾರನ್ನೂ ಬಿಟ್ಟವನಲ್ಲ. ಅಂಬಿಗನ ಕಸಬಿಗೂ ನಿಷ್ಠುರವಾದ ಮಾತಿಗೂ ಇರುವ ಈ ನಂಟು ಕೇವಲ ಯೋಗಾಯೋಗವೆಂದು ತೋರುವದಿಲ್ಲ. ಹತ್ತುವವರ ದಾಕ್ಷಿಣ್ಯಕ್ಕೆ ಒಳಪಟ್ಟು ಮಾತನಾಡುವ ಅಂಬಿಗನು ಬಹಳ ದಿನ ಅಂಬಿಗನಾಗಿ ಉಳಿಯಲಾರನು.

ಅಂಬಿಗನ ನಿರ್ಣಯಕ್ಕೆ ಇಷ್ಟು ಮಹತ್ವವೇಕೆಂಬದು ಕಡಲಿನ ಸ್ವಭಾವವನ್ನು ತಿಳಿದರೆ ಗೊತ್ತಾಗುತ್ತದೆ. ದಿನಕ್ಕೆರಡು ಸಲ ಉಬ್ಬರ, ಎರಡು ಸಲ ಇಳಿತ. ಇಳಿತದ ಹೊತ್ತಿನಲ್ಲಿ ನದಿಯ ನೀರು ಅಳಿವೆಯಿಂದ ಹೊರಕ್ಕೆ ರಭಸವಾಗಿ ನುಗ್ಗುತ್ತದೆ. ಅದೇ ಹೊತ್ತಿಗೆ ಕಡಲಿನ ತೆರೆಗಳು ಒಳಕ್ಕೆ ಬರುತ್ತವೆ. ಇವೆರಡೂ ಎದುರುಬದುರಾದಲ್ಲಿ, ಅಡಿಯ ಮಳಲು ಮೇಲೆದ್ದು ಆಳವು ಕಡಿಮೆಯಾದಲ್ಲಿ, ತೆರೆಯು ಗಿಡ್ಡವಾಗಿ ಕಡಿದಾಗಿ ಏಳುತ್ತದೆ. ಹೊರಗಿನ ಕಡಲು ತಕ್ಕಮಟ್ಟಿಗೆ ಶಾಂತವಾಗಿದ್ದರೂ ಅಳಿವೆಯು ಶಾಂತವಾಗಿರಬೇಕೆಂದಿಲ್ಲ. ಮುಂಜಾವಿನಲ್ಲಿ ನೆಲದ ಮೇಲಿಂದ ಬೀಸುವ ಗಾಳಿಯು ಮೆಲ್ಲನೆಯದು. ಬಿಸಿಲೇರಿ ನೆಲವು ಕಾದ ಬಳಿಕ, ಮಧ್ಯಾಹ್ನದ ಮೇಲೆ, ಕಡಲಿನಿಂದ ಗಾಳಿಯೆದ್ದು ತೆರೆಗಳನ್ನು ಎಬ್ಬಿಸುತ್ತದೆ. ಮುಂಜಾನೆ ಕನ್ನಡಿಯಂತಿದ್ದ ನೀರನ್ನು ನೋಡಿ ಹೋದವರು ಸಂಜೆಗೆ ಹಿಂದಿರುಗುವಾಗ ಬೇರೊಂದು ಕಡಲನ್ನೇ ಕಾಣುತ್ತಾರೆ. ಇನ್ನು ದೋಣಿಯ ಮಾತು. ಒಬ್ಬೊಬ್ಬರು ಹೆಚ್ಚಾಗಿ ಏರಿದ ಹಾಗೆ ಅದರ ಅಂಚು ನೀರಿಗೆ ಸಮೀಪಿಸುತ್ತದೆ. ಕೂತವರು ಎದ್ದು ನಿಂತರೆ ಅದರ ತೂಕವು ಮೇಲಕ್ಕೇರಿ ಅದು ಹೊಯ್ದಾಡುತ್ತದೆ. ಏನನ್ನೋ ನೋಡಲು ಎಲ್ಲರೂ ಒಂದೇ ಮಗ್ಗುಲಿಗೆ ಸರಿದರೆ ಅಂಚು ನೀರನ್ನು ಕುಡಿಯುತ್ತದೆ. ಇವೆಲ್ಲ ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಗೊತ್ತು. ಘಟ್ಟದ ಮೇಲಿನ ವಿದ್ಯಾವಂತನಿಗೆ ಗೊತ್ತಿರಬೇಕೆಂದಿಲ್ಲ. ವಿದ್ಯೆಯೂ ಹಣವೂ ಒಂದು ಕಡೆಗೆ, ತಿಳಿವಳಿಕೆಯು ಇನ್ನೊಂದು ಕಡೆಗೆ. ಅಪ್ಪಣೆ ಮಾಡುವವನು ಮಾತ್ರ ಹಣವುಳ್ಳವನು. ಅಪಾಯದ ಬೀಜವು ಇರುವದು ಇಲ್ಲಿಯೇ.

೨೦೧೯ರ ಜನವರಿ ೨೧ರಂದು ಕೂರ್ಮಗಡದಲ್ಲಿ ನರಸಿಂಹನ ಜಾತ್ರೆಯಿತ್ತು. ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಗೆ ದಂಡೆಯಿಂದ ಜನರು ದೋಣಿಗಳಲ್ಲಿ ಹೋಗಿಬರುತ್ತಾರೆ. ಅಂದು ದೇವರ ದರ್ಶನ ಮುಗಿಸಿಕೊಂಡು ಹಿಂದಿರುಗುತ್ತಿದ್ದವರ ದೋಣಿಯೊಂದು ಕಡಲಿನಲ್ಲಿ ಮಗುಚಿತು. ಹದಿನೈದಕ್ಕಿಂತ ಹೆಚ್ಚು ಜನರು ತೀರಿಕೊಂಡರು. ಅವರಲ್ಲಿ ಘಟ್ಟದ ಮೇಲಿನ ಹಾವೇರಿ ಜಿಲ್ಲೆಯಿಂದ ಬಂದ ಒಂದೇ ಮನೆತನದ ಅನೇಕರಿದ್ದರು, ಮಕ್ಕಳೂ ಇದ್ದರು. ದೋಣಿಯು ಹೊರತಕ್ಕದ್ದಕ್ಕಿಂತ ಹೆಚ್ಚು ಜನರನ್ನು ಹೊತ್ತಿತ್ತೆಂದು ಆಗಲೇ ವರದಿಯಾಗಿತ್ತು. ಬಯಲುಸೀಮೆಯ ಒಂದು ಮನೆಯವರು ದೇವರಿಗೆಂದು ಹೋಗಿ ಕಡಲಿನಲ್ಲಿ ಕಳೆದುಹೋದ ಈ ಸಂಗತಿಯು ಬಯಲುಸೀಮೆಯ ಪ್ರತಿಯೊಂದು ಮನೆಯೂ ವಿಚಾರ ಮಾಡತಕ್ಕದ್ದು. ತೀರಿಕೊಂಡವರಲ್ಲಿ ತಪ್ಪು ಹುಡುಕುವದು ಸಲ್ಲದು. ಅವರಿಗೆ ಕಡಲು ಗೊತ್ತಿರಲಿಲ್ಲ. ಎಷ್ಟು ಜನ ಹತ್ತಬಹುದೆಂದು ಹೇಳತಕ್ಕವರು ಬೇರೆಯವರಿದ್ದರು. ಆದರೆ ಇಂಥ ದೋಣಿಯು ಹೇಗೆ ತುಂಬುತ್ತದೆಂಬದನ್ನು ಉಳಿದವರು ತಿಳಿದುಕೊಳ್ಳುವದು ತೀರಿಕೊಂಡವರಿಗೆ ಸಲ್ಲಿಸತಕ್ಕ ಗೌರವವೇ ಆಗಿದೆ.

ಯಾವ ದೋಣಿಯನ್ನೂ ಯಾರೂ ಹೆಚ್ಚು ತುಂಬಬೇಕೆಂದು ಬಯಸುವದಿಲ್ಲ. ಪ್ರತಿಯೊಬ್ಬನು ಕೇಳುವದು ತನಗೊಂದು ಸ್ಥಳವನ್ನು ಮಾತ್ರ. ಹೊತ್ತು ಇಳಿಯುತ್ತಿದೆ, ಮಕ್ಕಳು ಹಸಿದಿದ್ದಾರೆ, ಊರಿಗೆ ಹೋಗುವ ಗಾಡಿಯು ಕಾದಿದೆ, ಒಬ್ಬನಿಂದ ಏನಾಗುತ್ತದೆ? ಇಪ್ಪತ್ತು ಜನರ ದೋಣಿಗೆ ಇಪ್ಪತ್ತೊಂದನೆಯವನ ಪ್ರಶ್ನೆಯು ಅದೇ, ಇಪ್ಪತ್ತೆರಡನೆಯವನದೂ ಅದೇ. ಒಂದೊಂದು ಪ್ರಶ್ನೆಯೂ ಬೇರೆಯಾಗಿ ನೋಡಿದರೆ ನ್ಯಾಯವಾಗಿಯೇ ಇದೆ. ಎಲ್ಲ ಕೂಡಿದರೆ ಅನ್ಯಾಯವಾಗುತ್ತದೆ. ಕೇಳುವವರೊಳಗೆ ಯಾರಿಗೂ ಒಟ್ಟು ಲೆಕ್ಕವು ಕಾಣುವದಿಲ್ಲ. ಕಾಣುವದು ಚುಕ್ಕಾಣಿ ಹಿಡಿದ ಒಬ್ಬನಿಗೆ ಮಾತ್ರ. ಆದ ಕಾರಣ ಬೇಡವೆಂದು ಹೇಳುವ ಕರ್ತವ್ಯವು ಅವನೊಬ್ಬನ ಮೇಲೆಯೇ ಬೀಳುತ್ತದೆ; ಆ ಬೇಡವನ್ನು ಹೇಳುವ ಶಕ್ತಿಯನ್ನು ಅವನಿಂದ ಕಸಿದುಕೊಳ್ಳದಿರುವ ಕರ್ತವ್ಯವು ಉಳಿದ ಎಲ್ಲರ ಮೇಲೆ ಬೀಳುತ್ತದೆ. ಈ ಎರಡನೆಯ ಕರ್ತವ್ಯವನ್ನು ಜನರು ಸಾಮಾನ್ಯವಾಗಿ ಮರೆಯುತ್ತಾರೆ. ಅಂಬಿಗನು ದುರಾಶೆಯಿಂದ ಹೆಚ್ಚು ಜನರನ್ನು ಹೇರಿಕೊಂಡನೆಂದು ದೂರುವದು ಸುಲಭ. ಹತ್ತಿಸಿಕೋ ಎಂದು ಕಾಡುವವರು, ಹತ್ತು ರೂಪಾಯಿ ಹೆಚ್ಚು ತೋರಿಸುವವರು, ಬೇಡವೆಂದವನನ್ನು ಹೆದರುಪುಕ್ಕನೆಂದು ನಗುವವರು ಯಾರೆಂದು ಕೇಳಿಕೊಳ್ಳುವದು ಅಷ್ಟು ಸುಲಭವಲ್ಲ.

ಇದರ ಇನ್ನೊಂದು ಮಗ್ಗುಲನ್ನು ಗೋಕಾಕ ಸೀಮೆಯವರು ಅದೇ ವರ್ಷದಲ್ಲಿ ಕಂಡರು. ೨೦೧೯ರ ಅಗಸ್ಟ ತಿಂಗಳಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ ಬಂದು ಗೋಕಾಕದ ಓಣಿಗಳಲ್ಲಿ ನೀರು ಹೊಕ್ಕಿತು. ಲೋಳಸೂರಿನ ಸೇತುವೆಯು ಮುಳುಗಿತು. ನೀರು ಸುತ್ತಿದ ಊರುಗಳಿಂದ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಅಂಥ ದೋಣಿಯಲ್ಲಿ ಬಾಡಿಗೆಯೆಂಬದಿಲ್ಲ. ಇಲ್ಲಿ ಕೂಡ್ರು ಎಂದಲ್ಲಿ ಕೂಡ್ರುತ್ತಾರೆ. ಗಂಟು ಬಿಡು ಎಂದರೆ ಬಿಡುತ್ತಾರೆ. ಈ ಸಲಕ್ಕೆ ಇಷ್ಟೇ ಜನ ಎಂದರೆ ಉಳಿದವರು ಮುಂದಿನ ಸಲಕ್ಕೆ ಕಾಯುತ್ತಾರೆ. ಊರಿನ ಧನಿಕನೂ ಅಲ್ಲಿ ಚುಕ್ಕಾಣಿಯವನ ಮಾತಿಗೆ ಎದುರಾಡುವದಿಲ್ಲ. ಅದೇ ಮನೆಗಳವರೇ ಸೂಟಿಯಲ್ಲಿ ಕಡಲ ದಂಡೆಗೆ ಹೋದಾಗ ಅಪ್ಪಣೆ ಮಾಡುವವರಾಗುತ್ತಾರಲ್ಲ! ನೀರು ಎರಡು ಕಡೆಗೂ ನೀರೇ, ದೋಣಿಯು ದೋಣಿಯೇ, ಜನರೂ ಅವರೇ. ಬದಲಾದದ್ದು ಎರಡು: ಅಲ್ಲಿ ಅಂಜಿಕೆಯಿತ್ತು, ಇಲ್ಲಿ ಅದಿಲ್ಲ; ಅಲ್ಲಿ ಬಾಡಿಗೆಯಿರಲಿಲ್ಲ, ಇಲ್ಲಿ ಅದುಂಟು. ಅಂಜಿಕೆಯು ಹೋಗಿ ಬಾಡಿಗೆಯು ಬಂದ ಮಾತ್ರಕ್ಕೆ ತಿಳಿವಳಿಕೆಯು ಒಬ್ಬನಿಂದ ಇನ್ನೊಬ್ಬನಿಗೆ ದಾಟುವದಿಲ್ಲ. ಹೊಳೆಯು ಮನೆಗೆ ಬಂದಾಗ ಕಲಿತ ವಿಧೇಯತೆಯನ್ನು ಕಡಲಿನ ಬಳಿಗೆ ಹೋದಾಗಲೂ ಉಳಿಸಿಕೊಳ್ಳುವದೇ ವಿವೇಕ.

ಇಲ್ಲಿ ಕೆಲವು ಆಕ್ಷೇಪಗಳು ಬರಬಹುದು. ಹಣ ಕೊಟ್ಟವನು ಪ್ರೌಢನು. ತನ್ನ ಪ್ರಾಣವನ್ನು ತಾನೇ ಅಪಾಯಕ್ಕೆ ಒಡ್ಡಿಕೊಂಡರೆ ಅಂಬಿಗನಿಗೇನು ಎಂಬದು ಮೊದಲನೆಯದು. ಜಾನ್ ಸ್ಟುಅರ್ಟ ಮಿಲ್ಲನು ೧೮೫೯ರಲ್ಲಿ ಸ್ವಾತಂತ್ರ್ಯದ ವಿಷಯವಾಗಿ ಪ್ರಕಟಿಸಿದ ಗ್ರಂಥದಲ್ಲಿ ಇಂಥದೇ ಒಂದು ಉದಾಹರಣೆಯನ್ನು ಕೊಟ್ಟಿದ್ದಾನೆ. ಮುರಿದುಬೀಳಲಿರುವ ಸೇತುವೆಯ ಮೇಲೆ ಒಬ್ಬನು ಅರಿಯದೆ ಕಾಲಿಡಹೋದರೆ, ಎಚ್ಚರಿಸಲು ಹೊತ್ತಿಲ್ಲದಾಗ ಅವನನ್ನು ಹಿಡಿದೆಳೆದರೂ ಅದು ಅವನ ಸ್ವಾತಂತ್ರ್ಯಕ್ಕೆ ಭಂಗವಲ್ಲ. ಹೊಳೆಗೆ ಬೀಳುವದು ಅವನ ಇಚ್ಛೆಯಲ್ಲವಷ್ಟೆ. ಆದರೆ ಅಪಾಯವು ನಿಶ್ಚಿತವಾಗಿರದೆ ಸಂಭವವಷ್ಟೇ ಆಗಿದ್ದರೆ, ಎಚ್ಚರಿಕೆ ಹೇಳಿ ನಿರ್ಣಯವನ್ನು ಅವನಿಗೇ ಬಿಡಬೇಕೆಂದು ಮಿಲ್ಲನ ಮತ. ಒಬ್ಬೊಬ್ಬನೇ ನಡೆಯುವ ಸೇತುವೆಗೆ ಈ ಮತವು ಸರಿ. ಗೋಕಾಕದ ಜಲಪಾತದ ಬಳಿಯ ತೂಗುಸೇತುವೆಯ ಮೇಲೆ ಹೋಗಲೋ ಬೇಡವೋ ಎಂಬದನ್ನು ಪ್ರೌಢನೊಬ್ಬನು ತಾನೇ ನಿರ್ಣಯಿಸಬಹುದು. ದೋಣಿಯು ಹಾಗಲ್ಲ. ಅದರಲ್ಲಿ ಒಬ್ಬನ ಅಪಾಯವೆಂಬದೇ ಇಲ್ಲ. ಹಟ ಮಾಡಿದವನ ಜೊತೆಗೆ ಅವನ ಮಕ್ಕಳಿರುತ್ತಾರೆ, ಪರಿಚಯವಿಲ್ಲದ ಇತರರಿರುತ್ತಾರೆ, ಅಂಬಿಗನೂ ಇರುತ್ತಾನೆ, ಮಗುಚಿದ ಬಳಿಕ ಉಳಿಸಲು ಹಾರುವವರೂ ಇರುತ್ತಾರೆ. ಇವರೆಲ್ಲರ ಪ್ರಾಣವನ್ನು ಒಡ್ಡುವ ಸ್ವಾತಂತ್ರ್ಯವು ಬಾಡಿಗೆಯ ಹಣದೊಳಗೆ ಬರುವದಿಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಭಾರವಾದದ್ದು. ಅಂಬಿಗನು ಬಡವನು, ಬೇಡವೆಂದು ಹೇಳುವ ಧೈರ್ಯವು ಅವನಿಗೆ ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ದ್ವೀಪಗಳ ವಿಹಾರವು ನಿಲ್ಲುತ್ತದೆ. ಜೂನ್ ೧ರಿಂದ ಜುಲೈ ೩೧ರ ವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ಮೀನು ಹಿಡಿಯುವದಕ್ಕೂ ನಿಷೇಧವಿರುತ್ತದೆ. ಉಳಿದ ತಿಂಗಳುಗಳ ಗಳಿಕೆಯಲ್ಲಿಯೇ ಮನೆಯ ಊಟ, ದೋಣಿಯ ದುರಸ್ತಿ, ಯಂತ್ರದ ಸಾಲದ ಕಂತು ಎಲ್ಲ ಸಾಗಬೇಕು. ಒಂದು ಗಿರಾಕಿಯನ್ನು ಬಿಟ್ಟರೆ ಅಂದಿನ ಗಳಿಕೆ ಹೋಯಿತು. ಮೇಲಾಗಿ ಪಕ್ಕದ ದೋಣಿಯವನು ಅದೇ ಗಿರಾಕಿಯನ್ನು ಹತ್ತಿಸಿಕೊಂಡರೆ ವಿವೇಕಕ್ಕೆ ದಂಡವೂ ಅವಿವೇಕಕ್ಕೆ ಬಹುಮಾನವೂ ದೊರೆತಂತಾಯಿತು. ಈ ಸ್ಥಿತಿಯಲ್ಲಿ ಅಂಬಿಗನಿಗೆ ಧರ್ಮೋಪದೇಶ ಮಾಡಿ ಸುಮ್ಮನಾಗುವದು ಹೊಟ್ಟೆ ತುಂಬಿದವರ ನೀತಿ. ಬೇಡವೆಂಬ ಮಾತಿಗೆ ಬೆಲೆ ಕಟ್ಟಲಾಗದೆಂಬದು ನಿಜವಾದರೆ, ಆ ಮಾತನ್ನು ಹೇಳಿದ್ದಕ್ಕಾಗಿ ಅವನು ಹಸಿದಿರಬೇಕಾಗಬಾರದೆಂಬದೂ ಅಷ್ಟೇ ನಿಜ.

ಇದಕ್ಕೆ ಪರಿಹಾರವು ಇತರ ಕಸಬುಗಳಲ್ಲಿ ಆಗಲೇ ಇದೆ. ಘಟಪ್ರಭೆಯ ಆರೋಗ್ಯಧಾಮಕ್ಕೆ ಹೋದವರಿಗೆ ವೈದ್ಯರು ಔಷಧ ಕೊಡಬಹುದು. ಔಷಧ ಬೇಡ, ಪಥ್ಯ ಮಾಡಿರಿ ಎಂದೂ ಹೇಳಬಹುದು. ಶಸ್ತ್ರಕ್ರಿಯೆಯು ಈಗ ಸಲ್ಲದೆಂದು ತಿರುಗಿ ಕಳಿಸಲೂಬಹುದು. ಹಾಗೆ ಕಳಿಸಿದರೆಂದು ಯಾರೂ ಫೀಯನ್ನು ಹಿಂದಕ್ಕೆ ಕೇಳುವದಿಲ್ಲ. ವಕೀಲನು ದಾವೆ ಹೂಡುವದು ಬೇಡವೆಂದರೆ ಆ ಸಲಹೆಗೂ ಹಣವುಂಟು. ಇವರ ಬೇಡಕ್ಕೆ ಮಾನವುಂಟು. ಯಾಕಂದರೆ ಇವರು ಓದಿದವರು. ಅಂಬಿಗನ ತಿಳಿವಳಿಕೆಯು ಪುಸ್ತಕದಿಂದ ಬಂದದ್ದಲ್ಲವೆಂಬ ಒಂದೇ ಕಾರಣಕ್ಕೆ ಅವನ ಬೇಡಕ್ಕೆ ಮಾನವಿಲ್ಲವಾಗಿದೆ. ದೋಣಿಯನ್ನು ಗೊತ್ತುಮಾಡುವಾಗಲೇ, ಗಾಳಿಯೋ ತೆರೆಯೋ ಸರಿಯಿಲ್ಲದೆ ಹಿಂದಿರುಗಬೇಕಾದರೂ ನಿನ್ನ ಹಣ ನಿನಗೆ ಮುಟ್ಟುತ್ತದೆ ಎಂದು ಗಿರಾಕಿಯು ಹೇಳಿಬಿಟ್ಟರೆ, ಆ ಒಂದು ಮಾತಿನಿಂದ ಅಂಬಿಗನ ನಾಲಿಗೆಯು ಬಿಡುಗಡೆಯಾಗುತ್ತದೆ. ಮುಂದೆ ಹೋದರೂ ಅಷ್ಟೇ, ಹಿಂದಿರುಗಿದರೂ ಅಷ್ಟೇ ಎಂದಾದ ಬಳಿಕ ಅವನ ಕಣ್ಣು ಹಣದಿಂದ ಕಡಲಿಗೆ ತಿರುಗುತ್ತದೆ. ಮುಟ್ಟದ ದ್ವೀಪಕ್ಕೆ ಕೊಟ್ಟ ಬಾಡಿಗೆಯು ಹಾಳಾದ ಹಣವಲ್ಲ. ಇಡಿಯ ವ್ಯವಹಾರದಲ್ಲಿ ಸಾರ್ಥಕವಾದ ಹಣವು ಅದೇ.

ಹೀಗೆ ಮಾಡಿದರೆ ಅಂಬಿಗನು ಸುಮ್ಮನೆ ಗಾಳಿಯ ನೆವ ಹೇಳಿ ಹಣ ಹೊಡೆಯಲಿಕ್ಕಿಲ್ಲವೇ ಎಂಬದು ಕೊನೆಯ ಆಕ್ಷೇಪ. ಅಂಥವರು ಇರಬಹುದು, ಎಲ್ಲ ಕಸಬಿ‍ನಲ್ಲಿಯೂ ಇರುತ್ತಾರೆ. ಬಂದರದ ಅಧಿಕಾರಿಗಳ ಸೂಚನೆ, ಹವೆಯ ಮುನ್ಸೂಚನೆ, ಇತರ ದೋಣಿಗಳ ನಡೆ ಇವುಗಳಿಂದ ಅವನ ಮಾತನ್ನು ತಕ್ಕಮಟ್ಟಿಗೆ ಪರೀಕ್ಷಿಸಬಹುದು. ಪರೀಕ್ಷೆಗೆ ಸಿಕ್ಕದೆ ಮೋಸಹೋದರೂ ಹೋದದ್ದು ಅರ್ಧ ದಿನದ ಬಾಡಿಗೆ. ನಿಜವಾದ ಬೇಡವನ್ನು ಸುಳ್ಳೆಂದು ತಿಳಿದರೆ ಹೋಗುವದಕ್ಕೆ ಲೆಕ್ಕವೇ ಇಲ್ಲ. ಎರಡು ತಪ್ಪುಗಳಲ್ಲಿ ಒಂದನ್ನು ಆರಿಸಲೇಬೇಕಾದಾಗ ತಿದ್ದಿಕೊಳ್ಳಬಹುದಾದದ್ದನ್ನು ಆರಿಸುವದು ಮನೆ ನಡೆಯಿಸುವವರಿಗೆಲ್ಲ ಗೊತ್ತಿರುವ ನ್ಯಾಯ.

ಅಂಬಿಗನ ಬೇಡವು ಗಾಳಿ-ತೆರೆಗಳಿಗಷ್ಟೇ ಸಂಬಂಧಿಸಿದ್ದಲ್ಲ. ಈ ಬಂಡೆ ಜಾರುತ್ತದೆ, ಇಲ್ಲಿ ಇಳಿಯಬೇಡಿರಿ. ಇಲ್ಲಿ ಸುಳಿಯುಂಟು, ಈಸಬೇಡಿರಿ. ತಂದ ಕಸವನ್ನು ಇಲ್ಲಿ ಚೆಲ್ಲಬೇಡಿರಿ ಎಂದೂ ಅವನು ಹೇಳುತ್ತಾನೆ. ಬಾಡಿಗೆ ಕೊಟ್ಟವನಿಗೆ ಆ ಎರಡು ತಾಸು ದ್ವೀಪವೇ ತನ್ನದೆಂದು ತೋರುತ್ತದೆ. ಕಂಬದಂಥ ಶಿಲೆಯ ಮೇಲೆ ಹೆಸರು ಕೆತ್ತುವವರೂ ಇದ್ದಾರೆ. ಬಾಡಿಗೆಗೆ ಬಂದದ್ದು ದೋಣಿ, ದಂಡೆಯು ಬಂದಿಲ್ಲ. ಗಾಳಿ, ಹರಿಯುವ ನೀರು, ಕಡಲು, ಕಡಲ ದಂಡೆ ಇವು ಸರ್ವರಿಗೂ ಸೇರಿದವೆಂದು ರೋಮದ ಧರ್ಮಶಾಸ್ತ್ರವು ಹೇಳಿತ್ತು. ಭಾರತದ ಸರ್ವೋಚ್ಚ ನ್ಯಾಯಾಲಯವೂ ೧೯೯೬ರಲ್ಲಿ ಬಿಯಾಸ ನದಿಯ ಸಂಬಂಧದ ಒಂದು ತೀರ್ಪಿನಲ್ಲಿ ಆ ತತ್ವವನ್ನು ಎತ್ತಿಹಿಡಿದು, ಸರಕಾರವು ಇಂಥವುಗಳ ಒಡೆಯನಲ್ಲ, ಜನರ ಪರವಾದ ವಿಶ್ವಸ್ತನೆಂದು ಹೇಳಿತು. ಸರಕಾರವೇ ಒಡೆಯನಲ್ಲದ ದಂಡೆಗೆ ಎರಡು ತಾಸಿನ ಅತಿಥಿಯು ಒಡೆಯನಾಗುವದು ಹೇಗೆ? ಅಲ್ಲಿಯೂ ಅವನಿಗೆ ದಾರಿ ತೋರತಕ್ಕವನು ದಿನವೂ ಆ ದಂಡೆಯಲ್ಲಿ ಬದುಕುವವನೇ.

ಒಟ್ಟಿನಲ್ಲಿ ಹಣದಿಂದ ಹಲವನ್ನು ಪಡೆಯಬಹುದು. ಹಣವನ್ನು ಹಿಂದಕ್ಕಿಟ್ಟಾಗ ಮಾತ್ರ ಪಡೆಯಬಹುದಾದವೂ ಕೆಲವುಂಟು. ವೈದ್ಯನ ನಿಷ್ಠುರತೆ, ಗುರುವಿನ ತಿದ್ದುವಿಕೆ, ಗೆಳೆಯನ ಎಚ್ಚರಿಕೆ ಇವು ಈ ಎರಡನೆಯ ಬಗೆಯವು; ಅಂಬಿಗನ ಬೇಡವೂ ಇವುಗಳ ಸಾಲಿನದೇ. ಕೊಂಡುಕೊಳ್ಳಹೋದರೆ ಅದು ಬೇಕು ಎಂಬದಾಗಿ ಮಾರ್ಪಡುತ್ತದೆ. ಆಗ ಅದರ ಉಪಯೋಗವೇ ಹೋಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಕಡಲಿಗೆ ಹೋಗುವವರು ಹೋಗಲಿ, ದ್ವೀಪಗಳನ್ನು ನೋಡಲಿ, ಮಕ್ಕಳಿಗೆ ತೆರೆಗಳನ್ನು ತೋರಿಸಲಿ. ದೋಣಿಗೆ ಕಾಲಿಡುವ ಮೊದಲು ಬಾಡಿಗೆ ಎಷ್ಟೆಂದು ಕೇಳುವದರ ಜೊತೆಗೆ, ಇಂದು ಹೋಗಬಹುದೇ, ಎಷ್ಟು ಜನ ಹತ್ತಬಹುದು, ಎಲ್ಲರಿಗೂ ತೇಲುವ ಅಂಗಿಗಳಿವೆಯೇ, ಎಷ್ಟು ಹೊತ್ತಿಗೆ ಹಿಂದಿರುಗಬೇಕು ಎಂದು ನಾಲ್ಕು ಮಾತು ಕೇಳಲಿ. ಕೇಳಿದ ಬಳಿಕ ಉತ್ತರವು ಹಿತವಾಗಿರಲಿ, ಅಹಿತವಾಗಿರಲಿ, ಅದಕ್ಕೆ ತಲೆಬಾಗಲಿ. ದಂಡೆಯ ಮೇಲೆ ನಿಂತಿರುವ ತನಕ ಇಬ್ಬರ ನಡುವೆ ವ್ಯವಹಾರವುಂಟು. ದೋಣಿಯು ನೀರಿಗಿಳಿದ ಬಳಿಕ ಒಬ್ಬನು ನಡೆಯಿಸುವವನು, ಉಳಿದವರು ನಂಬಿದವರು. ನಂಬಿದವರು ಅಪ್ಪಣೆ ಮಾಡಬಾರದು. ನಂಬಿಸಿಕೊಂಡವನು ಅಪ್ಪಣೆಗೆ ಒಳಪಡಬಾರದು.